ಥರ್ಮೋಸ್ಟಾಟ್ ಕಿತ್ತ ವಾಹನದ ಲೆಕ್ಕ

ಸಣ್ಣ ಉದ್ದಿಮೆದಾರರ ಹಾಗೂ ಸಗಟು ವ್ಯಾಪಾರಿಗಳ ಲೆಕ್ಕಪುಸ್ತಕಗಳಲ್ಲಿ 'ವಾಹನ ದುರಸ್ತಿ' ಎಂಬ ಖಾತೆಯಷ್ಟು ಅಲಕ್ಷ್ಯಕ್ಕೆ ಗುರಿಯಾದುದು ಬೇರೊಂದಿರಲಾರದು. ಯಂತ್ರದ ಬೇರಿಂಗ್ ಒಂದಕ್ಕೆ ಮೂರು ಕಡೆಯಿಂದ ದರಪಟ್ಟಿ ತರಿಸುವ ಮಾಲೀಕರು, ಕಾರು ಅಥವಾ ಸರಕಿನ ವ್ಯಾನಿನ ವಿಷಯದಲ್ಲಿ ಚಾಲಕ ತಂದ ಬಿಳಿ ಚೀಟಿಗೆ ಮರುಮಾತಿಲ್ಲದೆ ಹಣ ನೀಡುತ್ತಾರೆ. ಅಂತಹ ಚೀಟಿಯಲ್ಲಿ ಎಂದೂ ನಮೂದಾಗದ, ಆದರೆ ಅನೇಕ ಗ್ಯಾರೇಜುಗಳಲ್ಲಿ ವಾಡಿಕೆಯಾಗಿರುವ ಕೆಲಸವೊಂದಿದೆ: ಎಂಜಿನ್ ಅತಿಯಾಗಿ ಬಿಸಿಯಾಯಿತೆಂದರೆ ಥರ್ಮೋಸ್ಟಾಟನ್ನು ಕಿತ್ತು, ಹೊಸದನ್ನು ಹಾಕದೆ ಮುಚ್ಚಿಬಿಡುವುದು. 'ನಮ್ಮ ಹವೆಗೆ ಇದು ಬೇಕಿಲ್ಲ' ಎಂಬುದು ಅದಕ್ಕೆ ಕೊಡುವ ಸಮರ್ಥನೆ.

ಈ ಸಮರ್ಥನೆಯಲ್ಲಿ ಹುರುಳಿಲ್ಲ. ಥರ್ಮೋಸ್ಟಾಟ್ ಎಂಬುದು ಮೇಣ ತುಂಬಿದ ಒಂದು ಸಣ್ಣ ಕವಾಟ. ಎಂಜಿನ್ ತಣ್ಣಗಿರುವಾಗ ಅದು ಮುಚ್ಚಿದ್ದು, ಕೂಲೆಂಟ್ ರೇಡಿಯೇಟರಿಗೆ ಹೋಗದಂತೆ ತಡೆಯುತ್ತದೆ. ಸಾಮಾನ್ಯವಾಗಿ 82ರಿಂದ 90 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿ ಮೇಣ ಕರಗಿ ಹಿಗ್ಗಿ ಕವಾಟ ತೆರೆಯುತ್ತದೆ. ರಾಯಚೂರಿನ ಬೇಸಿಗೆಯಾದರೂ ಈ ಉಷ್ಣತೆಗಿಂತ ಬಹಳ ಕೆಳಗೇ ಇದೆ. ಕವಾಟವಿಲ್ಲದ ಎಂಜಿನ್ ಕಾವೇರಲು ಹೆಚ್ಚು ಹೊತ್ತು ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಇಂಧನವೂ ಅಧಿಕವಾಗಿ ವ್ಯಯವಾಗುತ್ತದೆ, ಸವೆತವೂ ಹೆಚ್ಚುತ್ತದೆ. ಗೋದಾಮಿನಿಂದ ಅಂಗಡಿಗೆ ನಾಲ್ಕೈದು ಕಿಲೋಮೀಟರ್ ಓಡಿ ನಿಲ್ಲುವ ವ್ಯಾನಿಗೆ ಇದು ದಿನನಿತ್ಯದ ನಷ್ಟ. ಕೆಲವು ಎಂಜಿನ್ನುಗಳಲ್ಲಂತೂ ಬೈಪಾಸ್ ಮಾರ್ಗವನ್ನು ಮುಚ್ಚುವುದೂ ಇದೇ ಕವಾಟ. ಅದನ್ನು ಕಿತ್ತರೆ ಕೂಲೆಂಟಿನ ಒಂದು ಭಾಗ ರೇಡಿಯೇಟರನ್ನು ಮುಟ್ಟದೆಯೇ ಮರಳುತ್ತದೆ. ಬಿಸಿ ತಗ್ಗಿಸಲೆಂದು ಮಾಡಿದ ಕೆಲಸ ಘಾಟಿಯ ಏರಿನಲ್ಲಿ ಬಿಸಿಯನ್ನೇ ಹೆಚ್ಚಿಸಬಹುದು.

ಬದಲಿಸುವುದೇನೂ ಮಹಾಕಾರ್ಯವಲ್ಲ. ರೇಡಿಯೇಟರಿನ ಮೇಲಿನ ಹೋಸು ಎಂಜಿನ್ನನ್ನು ಸೇರುವೆಡೆಯ ಕವಚದೊಳಗೆ ಅನೇಕ ವಾಹನಗಳಲ್ಲಿ ಥರ್ಮೋಸ್ಟಾಟ್ ಇರುತ್ತದೆ. ಕೆಲವುಗಳಲ್ಲಿ ಕೆಳಗಿನ ಹೋಸಿನ ಕಡೆ, ವಾಟರ್ ಪಂಪಿನ ಬಳಿ. ಎಂಜಿನ್ ಪೂರ್ಣ ತಣಿದ ಮೇಲಷ್ಟೇ ರೇಡಿಯೇಟರಿನ ಮುಚ್ಚಳ ತೆರೆಯಬೇಕು. ಕೂಲೆಂಟ್ ಇಳಿಸಿ, ಕವಚದ ಬೋಲ್ಟುಗಳನ್ನು ಬಿಚ್ಚಿ, ಹಳೆಯದು ಇದ್ದ ರೀತಿಯನ್ನು ನೋಡಿಕೊಂಡು ಹೊಸದನ್ನು ಹಾಗೆಯೇ ಕೂರಿಸಬೇಕು: ಸ್ಪ್ರಿಂಗ್ ಇರುವ ಭಾಗ ಸಾಮಾನ್ಯವಾಗಿ ಎಂಜಿನ್ ಕಡೆಗೆ. ಗ್ಯಾಸ್ಕೆಟ್ ಹೊಸದೇ ಇರಬೇಕು. ತಯಾರಕರು ಸೂಚಿಸಿದ ಕೂಲೆಂಟನ್ನೇ ತುಂಬಿ ಒಳಗಿನ ಗಾಳಿಯನ್ನು ಹೊರಬಿಡಬೇಕು; ಕೊಳವೆಬಾವಿಯ ಗಡಸು ನೀರು ರೇಡಿಯೇಟರಿನಲ್ಲಿ ಸುಣ್ಣ ಕಟ್ಟುತ್ತದೆ. ಹಳೆಯ ಕವಾಟ ಕೆಟ್ಟಿದೆಯೇ ಎಂಬ ಸಂದೇಹವಿದ್ದಲ್ಲಿ ಪಾತ್ರೆಯ ನೀರಿನಲ್ಲಿ ಮುಳುಗಿಸಿ ಕಾಯಿಸಿದರೆ ತೆರೆಯುವುದೋ ಇಲ್ಲವೋ ಕಣ್ಣಿಗೇ ಕಾಣುತ್ತದೆ.

ಇಷ್ಟನ್ನು ಮಾಡದೆ ಉಳಿಸಿದ ಹಣದ ಎದುರಿಗೆ ಇಡಬೇಕಾದ ಬಾಬ್ತುಗಳು ಬೇರೆಯೇ ಇವೆ. ಅತಿಬಿಸಿಯಿಂದ ಸಿಲಿಂಡರ್ ಹೆಡ್ ಸೊಟ್ಟಗಾದರೆ ಆ ವೆಚ್ಚ ಸಂಪೂರ್ಣವಾಗಿ ಮಾಲೀಕರದೇ. ಸಾಮಾನ್ಯ ಮೋಟಾರು ವಿಮೆಯು ಯಾಂತ್ರಿಕ ವೈಫಲ್ಯವನ್ನಾಗಲಿ, ಗಾಡಿ ನಿಂತದ್ದರಿಂದ ತಪ್ಪಿದ ವ್ಯಾಪಾರವನ್ನಾಗಲಿ ಭರಿಸುವುದಿಲ್ಲ. ಇನ್ನು ಬಿಳಿ ಚೀಟಿಯ ವಿಚಾರ. ಚಾಲಕನೂ ಸೇರಿ 13 ಆಸನಗಳವರೆಗಿನ ಪ್ರಯಾಣಿಕ ವಾಹನಗಳ ದುರಸ್ತಿಗೆ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, 2019ರ ಫೆಬ್ರವರಿ 1ರಿಂದ ಜಿಎಸ್‌ಟಿ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಸರಕು ಸಾಗಣೆ ವಾಹನಕ್ಕೆ ಆ ನಿರ್ಬಂಧವಿಲ್ಲ. ಆದರೆ ತೆರಿಗೆ ಬಿಲ್ ಇಲ್ಲದಿದ್ದರೆ ವ್ಯಾನಿನ ಜಮೆಯೂ ಹೋದಂತೆಯೇ. ಪಾಲುದಾರರ ಕಾರು, ಸಂಸ್ಥೆಯ ವ್ಯಾನು ಎರಡರ ದುರಸ್ತಿಯನ್ನೂ ಒಂದೇ ಖಾತೆಗೆ ತಳ್ಳುವ ಪದ್ಧತಿ ಈ ಕಾರಣಕ್ಕಾದರೂ ನಿಲ್ಲಬೇಕು.

ಎಲ್ಲ ತಪ್ಪನ್ನೂ ಮೆಕ್ಯಾನಿಕ್‌ನ ಮೇಲೆ ಹೊರಿಸುವುದು ನ್ಯಾಯವಲ್ಲ. ಸಂಜೆಯೊಳಗೆ ಗಾಡಿ ಬೇಕೆಂದು ಪೀಡಿಸುವವರು ಮಾಲೀಕರೇ. ಬಿಡಿಭಾಗ ಬರುವವರೆಗೆ ಒಂದು ದಿನ ಕಾಯಲು ಅವರು ಸಿದ್ಧರಿಲ್ಲ. ಆ ಒಂದು ದಿನಕ್ಕೆ ಬಾಡಿಗೆ ಟೆಂಪೋ ಹಿಡಿದು ಗ್ಯಾರೇಜಿಗೆ ಸಮಯ ಕೊಡುವುದು, ಕಳಚಿದ ಭಾಗವನ್ನು ಬಿಲ್ಲಿನೊಡನೆ ಕೇಳಿ ಪಡೆಯುವುದು, ತುಂಬಿಸಿದ ಇಂಧನ ಮತ್ತು ಓಡಿದ ಕಿಲೋಮೀಟರುಗಳನ್ನು ವಾಹನವಾರು ಬರೆದಿಡುವುದು, ಇವಿಷ್ಟಕ್ಕೆ ಗುಮಾಸ್ತರ ವಾರದ ಅರ್ಧ ಗಂಟೆಯೂ ಬೇಕಾಗದು.