ಸ್ಟ್ಯಾಟಿಕ್ ಅಂದ್ರೆ ಬಡವರ ವೆಬ್‌ಸೈಟ್ ಅಲ್ಲ ಕಣ್ರೋ

ಭಾಗ 1 👇

ಮಿನಿ ಪ್ರಾಜೆಕ್ಟ್ ವೈವಾದಲ್ಲಿ ನಂಗೆ ಕೇಳಿದ ಮೊದಲ ಪ್ರಶ್ನೆ: "ಡೇಟಾಬೇಸ್ ಎಲ್ಲಮ್ಮಾ?" ಎರಡನೇದು: "ಲಾಗಿನ್ ಪೇಜ್ ಇಲ್ವಾ?" ಮೂರನೇ ಪ್ರಶ್ನೆ ಬರ್ಲೇ ಇಲ್ಲ. "ಓ, ಬರೀ ಸ್ಟ್ಯಾಟಿಕ್ಕಾ" ಅಂತ ಹೇಳಿ ರೆಕಾರ್ಡ್ ಮುಚ್ಚಿಟ್ರು.

ನಾನು ಮಾಡಿದ್ದು ನಮ್ಮೂರ ಸ್ಟಾಪಿನ ಬಸ್ ಟೈಮಿಂಗ್ ಪೇಜು. ದಿನಕ್ಕೆ 14 ಬಸ್. ವರ್ಷಕ್ಕೆ ಎರಡೋ ಮೂರೋ ಸಲ ಟೈಮ್ ಬದಲಾಗುತ್ತೆ. ಒಂದೇ ಎಚ್‌ಟಿಎಂಎಲ್ ಫೈಲು, ಪೂರ್ತಿ ಕನ್ನಡದಲ್ಲಿ, 20 ಕೆಬಿ ಕೂಡ ಇಲ್ಲ. ನೆಟ್‌ವರ್ಕ್ ಒಂದು ಕಡ್ಡಿ ಇದ್ರೂ ತೆಗೀತಿತ್ತು. ಹೈಸ್ಕೂಲ್ ಹುಡುಗರು, ಆಸ್ಪತ್ರೆಗೆ ಹೋಗೋರು, ನಮ್ಮಮ್ಮ, ಎಲ್ಲರೂ ನೋಡ್ತಿದ್ರು.

ಮಾರ್ಕ್ಸ್ ಬೇಕಲ್ಲ. ರಿವ್ಯೂಗೆ ಮತ್ತೆ ಹೋಗೋ ಮುಂಚೆ ಪಿಎಚ್‌ಪಿ ಹಾಕಿದೆ, ಮೈಎಸ್‌ಕ್ಯೂಎಲ್ ಹಾಕಿದೆ, ಅಡ್ಮಿನ್ ಲಾಗಿನ್ ಮಾಡಿದೆ. ಆ 14 ಸಾಲು ಹೋಗಿ ಟೇಬಲ್ ಒಳಗೆ ಕೂತ್ಕೊಂಡ್ವು. ಎಲ್ಲಾ ತಗೊಂಡು ಹೋಗಿ ಒಂದು ಫ್ರೀ ಹೋಸ್ಟಿಂಗ್‌ನಲ್ಲಿ ಹಾಕಿದೆ. ಮಾರ್ಕ್ಸ್ ಬಂತು. ಸೆಮ್ ಮುಗೀತು. ಎರಡು ತಿಂಗಳು ಲಾಗಿನ್ ಆಗಿಲ್ಲ ಅಂತ ಹೋಸ್ಟಿಂಗ್‌ನವರು ಅಕೌಂಟ್ ನಿಲ್ಲಿಸಿಬಿಟ್ರು. ಅಮ್ಮನ ಫೋನು: "ಏನೇ, ನಿನ್ನ ಬಸ್ಸಿನ ಪೇಜು ತೆಗೀತಾನೇ ಇಲ್ವಲ್ಲೇ?"

ಚೆನ್ನಾಗಿ ನಡೀತಿದ್ದ ಒಂದು ವಸ್ತುವನ್ನ ಮಾರ್ಕ್ಸಿಗೋಸ್ಕರ ಕೆಡಿಸಿದ್ದು ನಾನೇ. ಆ ಸಿಟ್ಟಿನಲ್ಲೇ ಈ ಸರಣಿ ಬರೀತಿದೀನಿ.

—

ಭಾಗ 2

ನಮ್ಮ ನೋಟ್ಸಿನಲ್ಲಿ ಒಂದು ಟೇಬಲ್ ಇದೆ, ನಿಮ್ಮ ಹತ್ರಾನೂ ಇರುತ್ತೆ. ಎಡಗಡೆ ಸ್ಟ್ಯಾಟಿಕ್: "ಕಂಟೆಂಟ್ ಬದಲಾಗಲ್ಲ, ಇಂಟರಾಕ್ಟಿವ್ ಅಲ್ಲ, ಹಳೇ ತಂತ್ರಜ್ಞಾನ." ಬಲಗಡೆ ಡೈನಾಮಿಕ್: "ಬದಲಾಗುತ್ತೆ, ಇಂಟರಾಕ್ಟಿವ್, ಆಧುನಿಕ." ಐದು ಮಾರ್ಕ್ಸಿನ ಪ್ರಶ್ನೆ. ಸೀನಿಯರ್ಸ್ ಬರೆದದ್ದನ್ನ ನಾವು ಬರೆದ್ವಿ, ನಮ್ಮದನ್ನ ಜೂನಿಯರ್ಸ್ ಬರೀತಾರೆ. ಆ ಟೇಬಲ್ಲಿನ ಮೂರು ಸಾಲೂ ತಪ್ಪು.

ದರ್ಶಿನಿಗೆ ಹೋಗಿ ನೋಡಿ. ಇಡ್ಲಿ ಮೊದಲೇ ಬೆಂದಿರುತ್ತೆ, ಟೋಕನ್ ಕೊಟ್ರೆ ತಟ್ಟೆಗೆ ಹಾಕಿ ಕೊಡ್ತಾರೆ. ಮಸಾಲೆ ದೋಸೆ ಹಾಗಲ್ಲ, ಟೋಕನ್ ಕೊಟ್ಟ ಮೇಲೇ ಹಿಟ್ಟು ಕಾವಲಿ ಮೇಲೆ ಬೀಳೋದು. ಸ್ಟ್ಯಾಟಿಕ್ ಅಂದ್ರೆ ಇಡ್ಲಿ, ಸರ್ವರ್ ಮೊದಲೇ ಇರೋ ಫೈಲನ್ನ ಎತ್ತಿ ಕಳಿಸುತ್ತೆ. ಡೈನಾಮಿಕ್ ಅಂದ್ರೆ ದೋಸೆ. ಒಬ್ಬೊಬ್ಬರು ಕೇಳಿದಾಗಲೂ ಸರ್ವರ್‌ನಲ್ಲಿ ಕೋಡ್ ಓಡ್ಬೇಕು, ಡೇಟಾಬೇಸಿಗೆ ಕನೆಕ್ಟ್ ಆಗ್ಬೇಕು, ಕ್ವೆರಿ ಹೋಗಿ ಸಾಲುಗಳು ವಾಪಸ್ ಬರ್ಬೇಕು, ಅದನ್ನ ಟೆಂಪ್ಲೇಟಿಗೆ ತುಂಬಿ ಎಚ್‌ಟಿಎಂಎಲ್ ಮಾಡ್ಬೇಕು. ಕೊನೆಗೆ ಫೋನಿಗೆ ಬರೋದು ಅದೇ ಎಚ್‌ಟಿಎಂಎಲ್. ಅದು ಬೆಂದದ್ದು ಯಾವಾಗ ಅಂತ ಬ್ರೌಸರಿಗೆ ಗೊತ್ತೂ ಆಗಲ್ಲ. ವ್ಯತ್ಯಾಸ ಇರೋದು ಇಷ್ಟೇ, ಪೇಜು ತಯಾರಾಗೋದು ಕೇಳೋಕೆ ಮುಂಚೆನಾ, ಕೇಳಿದ ಮೇಲಾ.

"ಬದಲಾಗಲ್ಲ" ಅನ್ನೋದು ಸುಳ್ಳು, ಫೈಲ್ ತಿದ್ದಿ ಅಪ್‌ಲೋಡ್ ಮಾಡಿದ್ರೆ ಬದಲಾಗುತ್ತೆ. "ಇಂಟರಾಕ್ಟಿವ್ ಅಲ್ಲ" ಅನ್ನೋದೂ ಸುಳ್ಳು. ಜಾವಾಸ್ಕ್ರಿಪ್ಟ್ ಓಡೋದು ಓದೋರ ಫೋನಿನಲ್ಲಿ. ನನ್ನ ಬಸ್ ಪೇಜಿನಲ್ಲಿ "ಮುಂದಿನ ಬಸ್ ಯಾವುದು" ಅಂತ ಒಂದು ಬಟನ್ ಇತ್ತು. ಫೋನಿನ ಗಡಿಯಾರ ನೋಡಿ ತಾನೇ ಲೆಕ್ಕ ಹಾಕಿ ಹೇಳ್ತಿತ್ತು, ಒಂದು 15 ಸಾಲು ಕೋಡು. ವೈವಾದಲ್ಲಿ ಅದನ್ನ ಯಾರೂ ಒತ್ತಲೇ ಇಲ್ಲ. 🙂

"ಹಳೇದು" ಅನ್ನೋರಿಗೆ: ಟಿಮ್ ಬರ್ನರ್ಸ್-ಲೀ ಸರ್ನ್‌ನಲ್ಲಿ ಮಾಡಿದ ಮೊದಲ ವೆಬ್‌ಸೈಟು 1991ರದ್ದು, ಸ್ಟ್ಯಾಟಿಕ್, ಸರಿ. ಆದ್ರೆ ಪಿಎಚ್‌ಪಿ ಕೂಡ 1995ರದ್ದು, ನಾವು ಯಾರೂ ಹುಟ್ಟಿರ್ಲಿಲ್ಲ. ಸ್ಟ್ಯಾಟಿಕ್ ಪೇಜುಗಳನ್ನ ತಾನೇ ತಯಾರಿಸೋ ಜೆಕಿಲ್ ಬಂದದ್ದು 2008ರಲ್ಲಿ. ಈಗ ಹೇಳಿ, ಯಾವುದು ಹಳೇದು?

—

ಭಾಗ 3

ನಮ್ಮ ಫೆಸ್ಟ್ ನೆನಪಿದೆಯಾ? ರಿಜಿಸ್ಟ್ರೇಷನ್ ದಿನ ಬೆಳಿಗ್ಗೆ ಇಡೀ ಸೈಟ್ ಬಿದ್ದೋಯ್ತು. ಪರದೆ ತುಂಬಾ ಒಂದೇ ಸಾಲು, ಡೇಟಾಬೇಸ್ ಕನೆಕ್ಷನ್ ಸಿಗ್ತಿಲ್ಲ ಅಂತ.

ಕಾರಣ ಕೇಳಿದ್ರೆ "ಸರ್ವರ್ ಪ್ರಾಬ್ಲಮ್" ಅಂದ್ರು, ನಾವೂ ತಲೆ ಆಡಿಸಿದ್ವಿ. ಮೈಎಸ್‌ಕ್ಯೂಎಲ್‌ನಲ್ಲಿ ಒಂದೇ ಸಮಯಕ್ಕೆ ಎಷ್ಟು ಕನೆಕ್ಷನ್ ಅನ್ನೋದಕ್ಕೆ ಮಿತಿ ಇದೆ. ನಾವು ಬದಲಾಯಿಸದೇ ಹೋದ್ರೆ ಅದು 151. ಅಗ್ಗದ ಹೋಸ್ಟಿಂಗ್ ಅಂದ್ರೆ ಒಂದೇ ಮೆಷೀನನ್ನ ಬೇರೆ ಸೈಟುಗಳ ಜೊತೆ ಹಂಚ್ಕೋಬೇಕು, ಹಾಗಾಗಿ ನಮ್ಮ ಪಾಲಿಗೆ ಅದಕ್ಕಿಂತ ಕಮ್ಮಿ. ಒಬ್ಬೊಬ್ಬರ ಕ್ವೆರಿ ಮಿಲಿಸೆಕೆಂಡುಗಳಲ್ಲಿ ಮುಗಿಯೋವಾಗ ತೊಂದರೆ ಗೊತ್ತಾಗಲ್ಲ. ಎಲ್ಲರೂ ಒಟ್ಟಿಗೆ ಬಂದು ಕ್ವೆರಿ ನಿಧಾನ ಆದ್ರೆ ಹಿಂದಿನವರು ಕನೆಕ್ಷನ್ ಬಿಡಲ್ಲ, ಮುಂದಿನವರಿಗೆ ಬಾಗಿಲು ತೆಗಿಯಲ್ಲ.

ನಂಗೆ ಹೊಟ್ಟೆ ಉರಿದದ್ದು ಆ ಫಾರಂ ಬಿದ್ದದ್ದಕ್ಕಲ್ಲ. ಫಾರಂಗೆ ಡೇಟಾಬೇಸ್ ಬೇಕೇ ಬೇಕು. ಆದ್ರೆ ಯಾವ ಸ್ಪರ್ಧೆ ಯಾವ ಹಾಲಿನಲ್ಲಿ, ಎಷ್ಟೊತ್ತಿಗೆ, ರೂಲ್ಸ್ ಏನು, ಇದೆಲ್ಲ ಎಲ್ಲರಿಗೂ ಒಂದೇ ತರ ಕಾಣೋ ವಿಷಯ. ಅದನ್ನೂ ಅದೇ ಡೇಟಾಬೇಸಿನ ಬಾಯಿಂದ ಹೇಳಿಸಿದ್ವಿ. ಬೇರೆ ಊರುಗಳಿಂದ ಬಸ್ ಹತ್ತಿ ಬಂದ ಹುಡುಗ್ರು ಗೇಟಿನಲ್ಲಿ ನಿಂತು "ಡ್ಯಾನ್ಸ್ ಎಲ್ಲಿ?" ಅಂತ ಕೇಳ್ತಿದ್ರು. ವೇಳಾಪಟ್ಟಿ ಒಂದು ಸ್ಟ್ಯಾಟಿಕ್ ಪೇಜಾಗಿದ್ರೆ ಫಾರಂ ಸತ್ರೂ ಅದು ಬದುಕಿರ್ತಿತ್ತು.

ದೊಡ್ಡವರ ಮನೆಯಲ್ಲೂ ಇದೇ ಕತೆ. 2013ರ ಅಕ್ಟೋಬರ್ 1ಕ್ಕೆ ಅಮೆರಿಕ ಸರ್ಕಾರದ ಆರೋಗ್ಯ ವಿಮೆಯ ಸೈಟು ಹೆಲ್ತ್‌ಕೇರ್ ಡಾಟ್ ಗವ್ ಶುರುವಾಯ್ತು. ಮೊದಲ ದಿನ ಅದರಲ್ಲಿ ನೋಂದಣಿ ಮುಗಿಸೋಕೆ ಆದದ್ದು 6 ಜನಕ್ಕೆ, ಅಷ್ಟು ದೊಡ್ಡ ದೇಶದಲ್ಲಿ! ಕುಸಿದದ್ದು ಅಕೌಂಟು ಮತ್ತು ಅರ್ಜಿಯ ಭಾಗ. ವಿಮೆ ಅಂದ್ರೇನು, ಯಾರಿಗೆ ಸಿಗುತ್ತೆ ಅಂತ ಹೇಳೋ ಪೇಜುಗಳನ್ನ ಜೆಕಿಲ್‌ನಲ್ಲಿ ಬೇರೆಯಾಗಿ ಮಾಡಿಟ್ಟಿದ್ರು. 

ಇನ್ನೊಂದು, ವಿಕಿಪೀಡಿಯ. ಅದರ ಹಿಂದಿರೋದು ಪಿಎಚ್‌ಪಿ, ಅಪ್ಪಟ ಡೈನಾಮಿಕ್. ಆದ್ರೆ ಲಾಗಿನ್ ಆಗದೆ ಓದೋ ನಮ್ಮಂಥೋರಿಗೆ ಸಾಮಾನ್ಯವಾಗಿ ಸಿಗೋದು ಮೊದಲೇ ತಯಾರಿಸಿ ಇಟ್ಟಿರೋ ಪ್ರತಿ. ಪ್ರತಿಯೊಬ್ಬರಿಗೂ ಹೊಸದಾಗಿ ದೋಸೆ ಹುಯ್ಯೋಕೆ ಅವರಿಗೂ ಆಗಲ್ಲ ಕಣ್ರೋ.

—

ಭಾಗ 4 (ತಪ್ಪೊಪ್ಪಿಗೆ)

ಕ್ಲಾಸಿನಲ್ಲಿ ಫ್ರೀಲಾನ್ಸ್ ಮಾಡೋ ಗೆಳೆಯರೇ, ಬೈಕೋಬೇಡಿ. ನಾನೂ ನಿಮ್ಮಲ್ಲೊಬ್ಬಳೇ.

ಸಕಲೇಶಪುರ ಕಡೆಯ ಒಂದು ಹೋಮ್‌ಸ್ಟೇಗೆ ಸೈಟ್ ಮಾಡಿಕೊಟ್ಟು 6,000 ರೂಪಾಯಿ ತಗೊಂಡೆ. ಅವರಿಗೆ ಬೇಕಿದ್ದದ್ದು ಎಂಟು ಫೋಟೋ, ರೇಟು, ದಾರಿ, ಒಂದು ವಾಟ್ಸಾಪ್ ನಂಬರು. ನಾನು ಕೊಟ್ಟದ್ದು ವರ್ಡ್‌ಪ್ರೆಸ್, ಮೇಲೆ 11 ಪ್ಲಗಿನ್. "ಡೈನಾಮಿಕ್ ಸೈಟ್ ಅಣ್ಣಾ, ನೀವೇ ಬದಲಾಯಿಸ್ಕೋಬಹುದು" ಅಂತ ಜಂಬವಾಗಿ ಹೇಳಿದ್ದೆ. ಅವರು ಒಂದು ಸಲಾನೂ ಲಾಗಿನ್ ಆಗಲಿಲ್ಲ. ಯಾಕಾಗ್ತಾರೆ? ಅವರಿಗೆ ಕಾಫಿ ಕೊಯ್ಲು ಇರುತ್ತೆ. ಪ್ಲಗಿನ್ ಅಪ್‌ಡೇಟ್ ಮಾಡೋರು ಯಾರೂ ಇಲ್ಲ, ಎಂಟು ತಿಂಗಳಿಗೆ ಯಾರೋ ಒಳಗೆ ನುಗ್ಗಿ ಜೂಜಿನ ಲಿಂಕುಗಳನ್ನ ತುಂಬಿದ್ರು. "ಏನಮ್ಮಾ ಇದು, ಮಕ್ಕಳ ಜೊತೆ ಬರೋ ಫ್ಯಾಮಿಲಿಯವರು ಫೋನ್ ಮಾಡಿ ಕೇಳ್ತಿದಾರೆ" ಅಂದ್ರು. ಬೈದಿದ್ರೆ ಪರವಾಗಿರ್ಲಿಲ್ಲ, ಅವರು ಬೈಲಿಲ್ಲ.

ಸರ್ವರ್‌ನಲ್ಲಿ ಓಡೋ ಕೋಡೇ ಇಲ್ದಿದ್ರೆ, ಅಪ್‌ಡೇಟ್ ಮಾಡದ ಪ್ಲಗಿನ್ನಿನ ತೂತಿನಿಂದ ನುಗ್ಗೋ ದಾರಿಯೇ ಇರಲ್ಲ. ಹೋಸ್ಟಿಂಗ್ ಪಾಸ್‌ವರ್ಡ್ ಕದ್ರೆ ಸ್ಟ್ಯಾಟಿಕ್ ಸೈಟೂ ಹೋಗುತ್ತೆ, ಆ ಮಾತು ಬೇರೆ. ಆದ್ರೆ ಕಾಯ್ಬೇಕಾದ ಬಾಗಿಲು ಒಂದೋ ಎರಡೋ, ಹನ್ನೊಂದಲ್ಲ.

ಆ ಸೈಟನ್ನ ಕಿತ್ತು ನಾಲ್ಕು ಎಚ್‌ಟಿಎಂಎಲ್ ಪೇಜು ಮಾಡಿ ಹಾಕಿಕೊಟ್ಟೆ. ದುಡ್ಡು ತಗೊಳ್ಲಿಲ್ಲ.

—

ಭಾಗ 5

"ಹಾಗಾದ್ರೆ ಡೈನಾಮಿಕ್ ಕಲಿಯೋದೇ ಬೇಡ್ವಾ" ಅಂತ ಡಿಎಂ ಮಾಡಿದೋರಿಗೆ: ಕಲೀರಿ, ನಾನೂ ಕಲಿತಿದೀನಿ. ರೈಲು ಟಿಕೆಟ್, ಬ್ಯಾಂಕು, ಅಂಗಡಿಯ ಕಾರ್ಟು, ಇದ್ಯಾವುದೂ ಬರೀ ಮೊದಲೇ ಮಾಡಿಟ್ಟ ಪೇಜಿನಲ್ಲಿ ನಡಿಯಲ್ಲ. ನಿಮಗೆ ಕಾಣೋದು ನಂಗೆ ಕಾಣಬಾರದು, ಕಳೆದ ನಿಮಿಷ ಖಾಲಿ ಇದ್ದ ಸೀಟು ಈಗ ಹೋಗಿರುತ್ತೆ. ಅಲ್ಲಿ ದೋಸೆನೇ ಆಗ್ಬೇಕು.

ನನ್ನ ಜಗಳ ಇರೋದು ಪ್ರಶ್ನೆ ಕೇಳದೇ ಡೇಟಾಬೇಸ್ ಹೇರೋ ಚಾಳಿ ಜೊತೆ. ಸಿನಾಪ್ಸಿಸ್ ಬರೆಯೋ ಮುಂಚೆ ಕೇಳ್ಕೊಳ್ಳಿ: ಈ ಪೇಜು ಇಬ್ಬರಿಗೆ ಬೇರೆ ಬೇರೆ ಕಾಣ್ಬೇಕಾ? ಓದೋರು ಏನಾದ್ರೂ ಬರೆದು ಉಳಿಸ್ಬೇಕಾ? ಎರಡಕ್ಕೂ ಇಲ್ಲ ಅಂದ್ರೆ ಆ ಲಾಗಿನ್ ಪೇಜು ಯಾರಿಗೆ? ಗೈಡ್ ಕೇಳಿದ್ರೆ ಇದೇ ಮಾತು ಹೇಳಿ, ಗೌರವವಾಗೇ ಹೇಳಿ. "ಸರ್, 14 ಸಾಲಿಗೆ ಡೇಟಾಬೇಸ್ ಯಾಕೆ ಹಾಕಿಲ್ಲ ಅಂತ ವಿವರಿಸ್ತೀನಿ" ಅನ್ನೋದಕ್ಕೂ ಮಾರ್ಕ್ಸ್ ಇರಬೇಕಲ್ವಾ? ನಂಗೆ ಆಗ ಆ ಧೈರ್ಯ ಬರಲಿಲ್ಲ.

ನಮ್ಮ ಹಿಂದಿನ ಬ್ಯಾಚಿನ ಪ್ರಾಜೆಕ್ಟ್ ಲಿಂಕುಗಳನ್ನ ಮೊನ್ನೆ ಒಂದೊಂದಾಗಿ ಒತ್ತಿ ನೋಡಿದೆ. ತೆರೆದದ್ದು ಎರಡೇ. ಒಬ್ಬ ಸೀನಿಯರ್ ಅಣ್ಣ ಮಾಡಿದ ತನ್ನೂರ ಕೆರೆಗಳ ಪಟ್ಟಿ, ಇನ್ನೊಬ್ಬ ಅಕ್ಕ ಮಾಡಿದ ಸೊಪ್ಪುಗಳ ಫೋಟೋ ಪೇಜು. ಎರಡೂ ಸ್ಟ್ಯಾಟಿಕ್. "ಸ್ಮಾರ್ಟ್ ಮ್ಯಾನೇಜ್‌ಮೆಂಟ್ ಸಿಸ್ಟಮ್" ಅಂತ ಹೆಸರಿದ್ದವು ಒಂದೂ ಉಳಿದಿಲ್ಲ.

ಬಸ್ ಪೇಜು ಈಗ ಗಿಟ್‌ಹಬ್ ಪೇಜಸ್‌ನಲ್ಲಿದೆ. ದುಡ್ಡಿಲ್ಲ, ಸೈಟಿಗೆ 1 ಜಿಬಿ ತನಕ ಜಾಗ. ನನ್ನ ಪೇಜಿನಂಥವು 50,000 ಹಿಡಿಸ್ತವೆ. ಕಳೆದ ವಾರ ಅಮ್ಮ ಮೆಸೇಜ್ ಹಾಕಿದ್ರು, 6.40ರ ಗಾಡಿ ಇನ್ಮೇಲೆ 6.25ಕ್ಕೇ ಬರುತ್ತಂತೆ. ಹಾಸ್ಟೆಲ್ ಮೆಟ್ಟಿಲ ಮೇಲೆ ಕೂತು ಫೋನಿನಲ್ಲೇ ಆ ಒಂದು ಸಾಲು ತಿದ್ದಿದೆ. ಬೆಳಿಗ್ಗೆ ಹೈಸ್ಕೂಲ್ ಹುಡುಗರಿಗೆ ಬಸ್ ತಪ್ಪಲಿಲ್ಲ ಅಂತ ಅಮ್ಮ ಹೇಳಿದ್ರು.

#ಕನ್ನಡದಲ್ಲಿ_ಕೋಡ್ #ಮಿನಿಪ್ರಾಜೆಕ್ಟ್_ಗೋಳು