ಒಂದು ಕಾಫಿ ಕುಡಿದರೆ ಷೋಕಿಯೇ?

ಈ ಪ್ರಸಂಗ ನಿಮ್ಮ ಮನೆಯಲ್ಲೂ ನಡೆದಿರಬಹುದು. ತುರುವೇಕೆರೆಯಿಂದ ತಿಪಟೂರಿಗೆ ಹೊರಟಿದ್ದೀರಿ. ಮಗಳ ಕಾಲೇಜಿನ ಕೆಲಸ, ಬ್ಯಾಂಕಿನ ಕೆಲಸ, ಜೊತೆಗೆ ಒಂದೆರಡು ಬ್ಲೌಸ್ ಪೀಸ್. ಎಲ್ಲ ಮುಗಿದ ಮೇಲೆ ಜೊತೆಗಿದ್ದ ಗೆಳತಿ, 'ಬಾರೇ, ಆ ಹೊಸ ಕೆಫೆಯಲ್ಲಿ ಕೂತು ಒಂದು ಕಾಫಿ ಕುಡಿಯೋಣ' ಅಂದಳು. ಹೋದಿರಿ, ಕೂತಿರಿ, ಒಂದು ಗಂಟೆ ನಕ್ಕು ಮಾತಾಡಿದಿರಿ. ಸಂಜೆ ಮನೆಗೆ ಬಂದರೆ ಅತ್ತೆಯ ಪ್ರಶ್ನೆ ಕಾದಿತ್ತು: 'ಯಾಕಮ್ಮಾ, ಮನೇಲಿ ಕಾಫಿಪುಡಿ ಇರಲಿಲ್ವಾ?'

ಅದೇ ದಿನ ನಿಮ್ಮ ಯಜಮಾನರೂ ಕೊಬ್ಬರಿ ಹರಾಜಿಗೆಂದು ತಿಪಟೂರಿಗೆ ಹೋಗಿದ್ದರು ಅನ್ನಿ. ಬೆಳಿಗ್ಗೆ ಇಡ್ಲಿ, ಮಧ್ಯೆ ಎರಡು ಸಲ ಟೀ, ಮಧ್ಯಾಹ್ನ ಮಸಾಲೆ ದೋಸೆ ಹೋಟೆಲಿನಲ್ಲೇ ಆಗಿರುತ್ತದೆ. ಅದನ್ನು ಯಾರೂ ಷೋಕಿ ಅನ್ನುವುದಿಲ್ಲ. 'ವ್ಯವಹಾರಕ್ಕೆ ಹೋಗಿದ್ರು' ಅನ್ನುತ್ತಾರೆ. ಒಂದೇ ಪೇಟೆ, ಒಂದೇ ದಿನ, ಒಂದೇ ಕಾಫಿ. ಹೆಸರು ಮಾತ್ರ ಬೇರೆ ಬೇರೆ! ಯಾಕೆ ಹೀಗೆ?

ಫ್ಯಾಮಿಲಿ ರೂಮಿನಿಂದ ಗಾಜಿನ ಬಾಗಿಲಿಗೆ

ನಮ್ಮ ಪೇಟೆಗಳ ಹೋಟೆಲುಗಳು ಬೆಳೆದದ್ದೇ ಸಂತೆಗೆ, ಕೋರ್ಟಿಗೆ, ಮಂಡಿಗೆ ಬರುವ ಗಂಡಸರಿಗಾಗಿ. ಹೆಂಗಸರಿಗೆ ಇದ್ದದ್ದು ಮೂಲೆಯ 'ಫ್ಯಾಮಿಲಿ ರೂಂ', ಅದೂ ಮನೆಯ ಗಂಡಸರು ಜೊತೆಗಿದ್ದರೆ. ಇಲ್ಲದಿದ್ದರೆ ಪಾರ್ಸೆಲ್. 1996ರಲ್ಲಿ ಬೆಂಗಳೂರಿನ ಬ್ರಿಗೇಡ್ ರಸ್ತೆಯಲ್ಲಿ ಮೊದಲ ಕೆಫೆ ಕಾಫಿ ಡೇ ತೆರೆದಾಗ ನಗರದ ಹುಡುಗಿಯರಿಗೆ ಸಿಕ್ಕಿದ್ದು ಬರೀ ಕಾಫಿಯಲ್ಲ. ಯಾರೂ ಎಬ್ಬಿಸದೆ ಕೂರಲು ಒಂದು ಕುರ್ಚಿ ಸಿಕ್ಕಿತು. ಆ ಕುರ್ಚಿ ಈಗ ನಿಧಾನವಾಗಿ ತಾಲ್ಲೂಕು ಪೇಟೆಗಳಿಗೂ ಬರುತ್ತಿದೆ. ಅಂದದ ಕೆಫೆ, ಎ.ಸಿ. ಪಾರ್ಲರ್, ತೋಟದ ನಡುವಿನ ಹೋಂಸ್ಟೇ, ಎಲ್ಲವೂ ಈ ಬದಲಾವಣೆಯ ಭಾಗವೇ.

ಇದಕ್ಕೆ ಇತ್ತೀಚಿನ ಬೆಳವಣಿಗೆಗಳೂ ಕೈಜೋಡಿಸಿವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಗಿ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ನಮ್ಮ ಟಿಕೆಟ್ಟಿನ ಖರ್ಚು ಹೋಯಿತು. ಅದೇ ವರ್ಷದ ಆಗಸ್ಟ್ 30ರಂದು ಗೃಹಲಕ್ಷ್ಮಿ ಶುರುವಾಗಿ, ತಿಂಗಳಿಗೆ 2,000 ರೂಪಾಯಿ ಮನೆಯೊಡತಿಯ ಹೆಸರಿನ ಖಾತೆಗೇ ಬರುವಂತಾಯಿತು. 2025ರ ಸೆಪ್ಟೆಂಬರ್ 22ರಿಂದ ಬ್ಯೂಟಿ ಪಾರ್ಲರ್, ಸಲೂನ್ ಸೇವೆಗಳ ಮೇಲಿನ ಜಿಎಸ್‌ಟಿ ಶೇ 18ರಿಂದ ಶೇ 5ಕ್ಕೆ ಇಳಿಯಿತು. ದಿನಕ್ಕೆ 7,500 ರೂಪಾಯಿವರೆಗಿನ ಹೋಟೆಲ್ ರೂಮಿನ ತೆರಿಗೆ ಶೇ 12ರಿಂದ ಶೇ 5ಕ್ಕೆ ಬಂತು. ತೆರಿಗೆ ಹಾಕುವ ಪಾರ್ಲರಿನಲ್ಲಿ ಸಾವಿರ ರೂಪಾಯಿ ಕೆಲಸಕ್ಕೆ ಮೊದಲು 180 ಸೇರುತ್ತಿತ್ತು, ಈಗ 50 ಸೇರುತ್ತದೆ.

ಹಾಗಾದರೆ ಇನ್ನೇನು, ಹೊರಡೋಣವೇ? ಸ್ವಲ್ಪ ತಡೆಯಿರಿ. ಕೊಬ್ಬರಿಯ ಲೆಕ್ಕ ಒಂದು ಬಾಕಿ ಇದೆ.

ಅಟ್ಟ ನಿಮ್ಮದು, ಖಾತೆ ಯಾರದ್ದು?

ಉಂಡೆ ಕೊಬ್ಬರಿ ಹೇಗಾಗುತ್ತದೆ ಅಂತ ನಿಮಗೆ ಹೇಳಿಕೊಡಬೇಕಿಲ್ಲ. ಬಲಿತ ಕಾಯಿ ಅಟ್ಟಕ್ಕೇರಿದರೆ ಒಳಗಿನ ನೀರು ಇಂಗಲು ಹತ್ತು-ಹನ್ನೊಂದು ತಿಂಗಳು ಬೇಕು. ಅಷ್ಟೂ ದಿನ ಇಲಿ, ಮಳೆ, ಸೋರುವ ಹೆಂಚು ನೋಡಿಕೊಳ್ಳುವವರು ಯಾರು? ಕೊನೆಗೆ ಸುಲಿದು, ಚಿಪ್ಪು ಒಡೆದು, ಕೊಬ್ಬರಿ ಆರಿಸುವ ಕೈಗಳಲ್ಲಿ ಬಳೆಯ ಕೈಗಳೆಷ್ಟು? ಆದರೆ ಪಹಣಿ ಹೆಚ್ಚಾಗಿ ಗಂಡಸಿನ ಹೆಸರಲ್ಲಿ, ಹರಾಜಿನ ದುಡ್ಡು ಅವರ ಖಾತೆಗೆ. ಹೀಗಾಗಿ ವರ್ಷವಿಡೀ ದುಡಿದವಳು ನೂರೈವತ್ತು ರೂಪಾಯಿ ಕಾಫಿಗೆ ಕೈಚಾಚಬೇಕು. ಷೋಕಿ ಅನ್ನುವ ಮಾತು ಹುಟ್ಟುವುದು ಇಲ್ಲೇ. ದುಡ್ಡು ಕೇಳಿ ಪಡೆಯುವಂತಾದಾಗ ಖರ್ಚಿಗೆ ಕಾರಣವನ್ನೂ ಕೊಡಬೇಕಾಗುತ್ತದೆ.

ಇನ್ನು ಬೆಲೆಯ ಮಾತು. 2023ರಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 11,750 ರೂಪಾಯಿ ಇದ್ದರೂ ಮಾರುಕಟ್ಟೆಯಲ್ಲಿ ಕೊಬ್ಬರಿ 8 ಸಾವಿರದ ಆಸುಪಾಸಿಗೆ ಕುಸಿದಿತ್ತು. ರೈತರು ಬೀದಿಗಿಳಿದಿದ್ದು ನೆನಪಿರಬೇಕು. 2025ರಲ್ಲಿ ಅದೇ ಕೊಬ್ಬರಿ 20 ಸಾವಿರವನ್ನೂ ದಾಟಿ ಮೇಲೇರಿತು. 'ಈಗ ತೆಂಗಿನವರಿಗೆ ಸುಗ್ಗಿ ಕಣಮ್ಮಾ' ಅಂತ ಊರೆಲ್ಲಾ ಮಾತು. ಆದರೆ ಬೆಲೆ ಏರಿದ್ದು ಇಳುವರಿ ಬಿದ್ದದ್ದರಿಂದ. ಬರ, ಬಿಸಿಲು, ರೋಗ, ಕೀಟ ಸೇರಿ ಮರದಲ್ಲಿ ಕಾಯಿ ಕಡಿಮೆಯಾದವು, ಎಳನೀರಿಗೆ ಹೋದದ್ದೂ ಬಹಳ. ಅಟ್ಟ ಅರ್ಧ ಖಾಲಿ ಇದ್ದ ಮನೆಗೆ ಬೆಲೆ ಏರಿ ಬಂದ ಲಾಭ ಎಷ್ಟು? ಹಾಗಾಗಿ ಒಂದು ಒಳ್ಳೆ ವರ್ಷ ನೋಡಿ ಖರ್ಚಿನ ರೂಢಿ ಬೆಳೆಸಿಕೊಂಡರೆ ಮುಂದಿನ ಕೆಟ್ಟ ವರ್ಷ ಸಾಲದ ವರ್ಷವಾಗುತ್ತದೆ. ಅತ್ತೆಯ ಪ್ರಶ್ನೆಯಲ್ಲಿ ಈ ಭಯವೂ ಇದೆ. ಅದನ್ನು ತಳ್ಳಿಹಾಕಬೇಡಿ.

ಬೇಕಾಗಿರುವುದು ಬಿಡುವು

ಆದರೂ ಆ ಒಂದು ಗಂಟೆ ಯಾಕೆ ಬೇಕು? ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಸಂಬಳವಿಲ್ಲದೆ ಆ ಕೆಲಸಕ್ಕೆ ಕೊಡುತ್ತಾರೆ. ಆ ಕೆಲಸಕ್ಕೆ ಕೈಹಾಕುವ ಗಂಡಸರದ್ದು 88 ನಿಮಿಷ. ಹೆಚ್ಚುಕಡಿಮೆ ಐದು ಗಂಟೆ, ಭಾನುವಾರದ ರಜೆಯೂ ಇಲ್ಲ. ಮನೆಯಲ್ಲಿ ಕಾಫಿಪುಡಿ ಇದೆ, ನಿಜ. ಆದರೆ ಮನೆಯ ಕಾಫಿಯನ್ನು ಕಾಯಿಸುವವಳು, ಲೋಟ ತೊಳೆಯುವವಳು ನೀವೇ ಅಲ್ಲವೇ? ಕೆಫೆಯಲ್ಲಿ ನೀವು ದುಡ್ಡು ಕೊಡುವುದು ಬೇರೊಬ್ಬರು ಮಾಡಿ ತಂದುಕೊಟ್ಟ ಕಾಫಿಗೆ. ಪಾರ್ಲರಿನಲ್ಲಿ ನಿಮ್ಮ ತಲೆಗೆ ಇನ್ನೊಬ್ಬರು ಎಣ್ಣೆ ಹಚ್ಚುವಾಗ ಕಣ್ಣು ಮುಚ್ಚಿಕೊಳ್ಳುವ ಇಪ್ಪತ್ತು ನಿಮಿಷವೂ ಹಾಗೇ. ಸಣ್ಣ ಊರಿನ ಪಾರ್ಲರನ್ನು ನಡೆಸುವವಳು ಬಹುಪಾಲು ನಿಮ್ಮಂಥ ಹೆಣ್ಣುಮಗಳೇ. ನಿಮ್ಮ ಖರ್ಚು ಅವಳ ಮನೆಯ ದುಡಿಮೆ.

ಹೀಗೆ ಮಾಡಿ ನೋಡಿ

ಮೊದಲು ನಿಮ್ಮ ಪಾಲು ಗೊತ್ತುಮಾಡಿಕೊಳ್ಳಿ. ಪ್ರತಿ ಸಲ ಕೊಬ್ಬರಿ ಮಾರಿದಾಗ ಇಷ್ಟು ದುಡ್ಡು ನಿಮ್ಮ ಖಾತೆಗೆ ಎಂದು ಯಜಮಾನರ ಜೊತೆ ಮಾತಾಡಿ. ಮೊತ್ತ ಚಿಕ್ಕದಿದ್ದರೂ ಪರವಾಗಿಲ್ಲ. ಬೆಲೆ ಬಿದ್ದ ವರ್ಷ ಅದೂ ಇಳಿಯಲಿ, ಆದರೆ ನಿಲ್ಲುವುದು ಬೇಡ.

ಸಾಲದ ದುಡ್ಡಿನಲ್ಲಿ ಸಂತೋಷ ಬೇಡವೇ ಬೇಡ. ಸಂಘದ ಕಂತು, ಫೈನಾನ್ಸ್ ಕಂತು, ಮಕ್ಕಳ ಫೀಸು ಮೊದಲು. ಫೋಟೊ ಹಾಕಲೆಂದೇ ದೊಡ್ಡ ಜಾಗಕ್ಕೆ ಹೋಗಿ ಆಮೇಲೆ ಒದ್ದಾಡಬೇಡಿ. ತಿಂಗಳಿಗೊಂದು ಕಾಫಿ, ಹಬ್ಬಕ್ಕೊಮ್ಮೆ ಪಾರ್ಲರ್, ವರ್ಷಕ್ಕೊಮ್ಮೆ ಗೆಳತಿಯರೊಡನೆ ಒಂದು ರಾತ್ರಿ ಹೋಂಸ್ಟೇ. ಇಷ್ಟಿದ್ದರೂ ಸಾಕು.

ಬಿಲ್ ನೋಡಿ, ನಾಚಿಕೆ ಬೇಡ. ಜಿಎಸ್‌ಟಿ ನೋಂದಣಿ ಇಲ್ಲದ ಅಂಗಡಿ ತೆರಿಗೆ ವಸೂಲು ಮಾಡುವಂತಿಲ್ಲ. ಕಾಂಪೊಸಿಷನ್ ಪದ್ಧತಿಯಲ್ಲಿರುವ ಹೋಟೆಲೂ ಗಿರಾಕಿಯಿಂದ ತೆರಿಗೆ ಕೇಳುವಂತಿಲ್ಲ. ಸರ್ವಿಸ್ ಚಾರ್ಜ್ ಕಡ್ಡಾಯ ಮಾಡಬಾರದು ಎಂಬ 2022ರ ಕೇಂದ್ರದ ಮಾರ್ಗಸೂಚಿಯನ್ನು 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಎತ್ತಿಹಿಡಿದಿದೆ. ತಕರಾರಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.

ಪಾರ್ಲರಿನಲ್ಲಿ ಕೂರುವ ಮೊದಲೇ ರೇಟು ಕೇಳಿ. ಕೂದಲಿಗೆ ಬಣ್ಣ ಹಾಕಿಸುವುದಾದರೆ 48 ಗಂಟೆ ಮೊದಲು ಕಿವಿಯ ಹಿಂದೆ ಸ್ವಲ್ಪ ಹಚ್ಚಿ ನೋಡಿ. ಉರಿ, ತುರಿಕೆ ಬಂದರೆ ಆ ಬಣ್ಣ ಬೇಡ.

ಒಬ್ಬರೇ ರೂಮು ಕೇಳಿದರೆ ಕೆಲವೆಡೆ ಮೇಲಿಂದ ಕೆಳಗೆ ನೋಡುತ್ತಾರೆ. ವಯಸ್ಸಿಗೆ ಬಂದ ಹೆಂಗಸು ಒಬ್ಬಳೇ ತಂಗಬಾರದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಗುರುತಿನ ಚೀಟಿ ಇದ್ದರೆ ಸಾಕು. ಎಲ್ಲಿದ್ದೀರಿ ಎಂಬುದನ್ನು ಮನೆಯವರಿಗೋ ಗೆಳತಿಗೋ ತಿಳಿಸಿರಿ. ಅದು ಅಪ್ಪಣೆಗಲ್ಲ, ಸುರಕ್ಷತೆಗೆ.

ಕೊನೆಯದಾಗಿ ಅತ್ತೆಯ ವಿಷಯ. ಅವರ ಪ್ರಶ್ನೆಗೆ ಮುಖ ಗಂಟಿಕ್ಕಿಕೊಳ್ಳಬೇಡಿ. ನಲವತ್ತು ವರ್ಷ ಆ ಅಟ್ಟವನ್ನು ಕಾದವರು ಅವರು. 'ಏನಾದರೂ ತಿಂತೀಯಾ?' ಎಂದು ಪೇಟೆಯಲ್ಲಿ ಅವರನ್ನು ಯಾರಾದರೂ ಕೇಳಿದ್ದರೇ? ಮುಂದಿನ ಸಲ ಅವರನ್ನೂ ಹೊರಡಿಸಿ. ಬಸ್ಸಿಗೆ ಅವರಿಗೂ ಟಿಕೆಟ್ ದುಡ್ಡಿಲ್ಲ. 'ನಂಗ್ಯಾಕಮ್ಮಾ ಅದೆಲ್ಲಾ' ಅಂದೇ ಅನ್ನುತ್ತಾರೆ. ಬಿಡಬೇಡಿ, ಕೈಹಿಡಿದು ಕರೆದೊಯ್ದು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂರಿಸಿ. ಕಾಫಿ ಬಂದ ಮೇಲೆ ಅವರು ಮತ್ತೆ ಕಾಫಿಪುಡಿಯ ಮಾತು ತೆಗೆಯುತ್ತಾರೋ ಇಲ್ಲವೋ, ನೀವೇ ನೋಡಿ!