ವೇಷ ಒಬ್ಬರದು, ಬೆರಳು ಇನ್ನೊಬ್ಬರದು

ಗುಂಡಿಯಲ್ಲಿ ಕ್ಯಾಮೆರಾ ಅಡಗಿಸಿಕೊಂಡು, ಮರದ ವ್ಯಾಪಾರಿಯ ಸೋಗಿನಲ್ಲಿ ಕಾಡಂಚಿನ ಊರಿಗೆ ಹೋಗಿ ಮಾತು ಕಕ್ಕಿಸುವುದು ಮೋಸವಲ್ಲವೇ? ಇಂಡೊನೇಷ್ಯಾದ ಕಳ್ಳನಾಟಾದ ವಿಷಯ ಎತ್ತಿದಾಗಲೆಲ್ಲ ಈ ಪ್ರಶ್ನೆ ಏಳುತ್ತದೆ. ಮೋಸವೇ, ಒಪ್ಪೋಣ. ಆದರೆ ಈ ಮೋಸಕ್ಕೆ ದಂಡ ತೆತ್ತವರು ಯಾರು ಎಂದು ಯಾರೂ ಕೇಳುವುದಿಲ್ಲ. ನನ್ನ ತಕರಾರು ಅಲ್ಲಿಂದ ಶುರು.

1999ರಲ್ಲಿ ಲಂಡನ್ನಿನ ಎನ್ವಿರಾನ್‌ಮೆಂಟಲ್ ಇನ್ವೆಸ್ಟಿಗೇಶನ್ ಏಜೆನ್ಸಿ ಮತ್ತು ಇಂಡೊನೇಷ್ಯಾದ್ದೇ ಆದ ತೆಲಾಪಕ್ ಸಂಸ್ಥೆಯ ತನಿಖೆಗಾರರು ಮಧ್ಯ ಕಾಲಿಮಂತಾನದ ತಂಜುಂಗ್ ಪುಟಿಂಗ್ ಸುತ್ತ ಖರೀದಿದಾರರಾಗಿ ಓಡಾಡಿದರು. ಅದು ರಾಷ್ಟ್ರೀಯ ಉದ್ಯಾನ. 1971ರಿಂದ ಬಿರೂಟೆ ಗಾಲ್ಡಿಕಾಸ್ ಒರಾಂಗುಟಾನ್‌ಗಳ ಬೆನ್ನುಹತ್ತಿ ಕೂತ ಕಾಡು. ಅದರೊಳಗಿನ ರಾಮಿನ್ ಮರ ಫೋಟೊ ಚೌಕಟ್ಟಾಗಿ, ಬಿಲಿಯರ್ಡ್ಸ್ ಕೋಲಾಗಿ ಶ್ರೀಮಂತ ದೇಶಗಳಿಗೆ ಹೋಗುತ್ತಿತ್ತು. ಪರಿಸರದವನೆಂದು ಹೇಳಿಕೊಂಡು ಹೋದರೆ ಪರವಾನಗಿಯ ಕಾಗದ ತೋರಿಸಿ, ಚಹಾ ಕುಡಿಸಿ ಕಳಿಸುತ್ತಾರೆ. ಕೊಳ್ಳಲು ಬಂದವನಿಗಾದರೆ ದರ, ದಾಸ್ತಾನು, ದೋಣಿ ಎಲ್ಲ ಕಾಣುತ್ತದೆ. ಆಸೆ ತೋರಿಸಿ ಕಳ್ಳನನ್ನು ಹುಟ್ಟಿಸುತ್ತಾರೆಂಬ ವಾದವೂ ಇದೆ. ನದಿ ತುಂಬ ತೇಲುತ್ತಿದ್ದ ದಿಮ್ಮಿಗಳನ್ನು ಕಡಿಸಿದ್ದು ಕ್ಯಾಮೆರಾ ಅಲ್ಲವಲ್ಲ!

ಮರುವರ್ಷ ಜನವರಿಯಲ್ಲಿ ಆ ತಂಡದ ಫೇಯ್ತ್ ಡೊಹರ್ಟಿ ಮತ್ತು ರುವಿಂದ್ರಿಯಾರ್ತೊ ಪಂಕಲಾನ್ ಬುನ್‌ನಲ್ಲಿ, ಒಂದು ಮರದ ಕಂಪನಿಯ ಕಚೇರಿಯಲ್ಲೇ ಹೊಡೆತ ತಿಂದರು. ಕೆಲವು ದಿನ ಒತ್ತೆಯಲ್ಲಿದ್ದರು. ಸುದ್ದಿ ಹೊರಜಗತ್ತಿಗೆ ಹೋಯಿತು, ಜೀವ ಉಳಿಯಿತು. ಅದೇ ಸೀಮೆಯ ಪತ್ರಕರ್ತ ಅಬಿ ಕುಸ್ನೊ ನಚ್ರಾನ್ ಯಾವ ವೇಷವನ್ನೂ ಹಾಕಿದವರಲ್ಲ. ಸ್ವಂತ ಹೆಸರಲ್ಲಿ ಬರೆದರು. 2001ರಲ್ಲಿ ಅವರು ಕೊಟ್ಟ ಸುಳಿವಿನ ಮೇಲೆ ಕಳ್ಳಮರ ತುಂಬಿದ ಮೂರು ಹಡಗು ಸಿಕ್ಕಿಬಿದ್ದವು. ಅದೇ ನವೆಂಬರ್‌ನಲ್ಲಿ ಅವರ ಮೇಲೆ ಮಚ್ಚು ಬಿತ್ತು. ಬದುಕಿಕೊಂಡರು, ಎಡಗೈಯ ಬೆರಳುಗಳು ಹೋದವು.

ಹಾಗಾಗಿ ಗುಪ್ತ ತನಿಖೆಗೆ ನನ್ನ ಬೆಂಬಲ ಷರತ್ತಿನದು. ಹೊರಗಿನವನು ವಿಮಾನ ಹತ್ತಿದ ಮೇಲೂ ದೋಣಿಯವನು, ದುಭಾಷಿ, ಕೋಣೆ ಬಾಡಿಗೆಗೆ ಕೊಟ್ಟ ಅಕ್ಕ ಅಲ್ಲೇ ಇರುತ್ತಾರೆ. ಅವರ ಸುರಕ್ಷೆಗೆ ಹಣ, ವಕೀಲ, ಹೋಗಿ ಇರಲು ಒಂದು ಜಾಗ ಎತ್ತಿಡದವರು ಕ್ಯಾಮೆರಾ ಮುಟ್ಟಬಾರದು. ಸೊಂಟದ ತನಕ ಜವುಗುನೀರಲ್ಲಿ ನಿಂತು ದಿಮ್ಮಿ ತಳ್ಳುವ ಕೂಲಿಯ ಮುಖವನ್ನು ತೋರಿಸಿ ಗೆದ್ದೆವೆಂದು ಬೀಗಲೂಬಾರದು. 2005ರಲ್ಲಿ ಇದೇ ಎರಡು ಸಂಸ್ಥೆಗಳು ಪಪುವಾದ ಮೆರ್ಬೌ ಮರದ ಲೆಕ್ಕ ಹೊರಗೆಳೆದವು: ಕಾಡಿನ ಒಡೆಯರಾದ ಹಳ್ಳಿಯವರಿಗೆ ಘನಮೀಟರಿಗೆ ಸುಮಾರು 10 ಡಾಲರ್, ಚೀನಾದ ಪೇಟೆಯಲ್ಲಿ ಅದಕ್ಕೇ 270 ಡಾಲರ್‌ವರೆಗೆ. ಆ 260 ಡಾಲರ್ ಯಾರ ಜೇಬಿಗೆ ಹೋಯಿತೆಂದು ಹುಡುಕುವುದಾದರೆ ವೇಷ ಹಾಕಿ, ನಾನೇ ಚಪ್ಪಾಳೆ ತಟ್ಟುತ್ತೇನೆ.

ದೂರದ ಕಥೆ ಅಂದುಕೊಳ್ಳಬೇಡಿ. ಬೆಂಗಳೂರಿನ ಟಿಂಬರ್ ಯಾರ್ಡ್‌ಗೆ ಬಾಗಿಲ ಚೌಕಟ್ಟು ಕೇಳಲು ಹೋದರೆ ‘ಮಲೇಷ್ಯಾ ಸಾಲ್ ಹಾಕ್ಸಿ ಸಾರ್’ ಎನ್ನುತ್ತಾರೆ. ಇಂಡೊನೇಷ್ಯಾದ ರಾಮಿನ್ ಗಡಿ ದಾಟಿ ಮಲೇಷ್ಯಾದ ಕಾಗದ ಪಡೆದು ಶುದ್ಧವಾಗುತ್ತಿದ್ದ ಬಗೆಯನ್ನು ಬಯಲು ಮಾಡಿದ್ದೂ ಇಂಥ ತನಿಖೆಗಳೇ. ನಮ್ಮ ಚೌಕಟ್ಟು ಕಳ್ಳಮರದ್ದೆಂದು ನಾನು ಹೇಳುತ್ತಿಲ್ಲ. ಅಲ್ಲವೆಂದು ಹೇಳಬಲ್ಲ ಚೀಟಿಯನ್ನು ನಾವು ಕೇಳಿದ್ದೇವೆಯೇ?

ಇನ್ನು, ದೊಡ್ಡ ಮೀನು ಸಿಕ್ಕಿದ ಒಂದು ಪ್ರಸಂಗ. ಪಪುವಾದ ಸೊರೊಂಗ್‌ನಲ್ಲಿ ಲಬೊರಾ ಸಿತೊರುಸ್ ಎಂಬ ಕೆಳದರ್ಜೆಯ ಪೊಲೀಸ್ ಕಳ್ಳನಾಟಾದ ಆರೋಪದಲ್ಲಿ 2013ರಲ್ಲಿ ಬಂಧನಕ್ಕೊಳಗಾದ. ಆತನಿಗೆ ಸೇರಿದ ಖಾತೆಗಳಲ್ಲಿ ಸುಮಾರು 1.5 ಲಕ್ಷ ಕೋಟಿ ರುಪಿಯಾ ಓಡಾಡಿತ್ತು. ಗುಟ್ಟು ಬಿಟ್ಟುಕೊಟ್ಟದ್ದು ಬ್ಯಾಂಕಿನ ಲೆಕ್ಕ. ಕೆಳಗಿನ ಕೋರ್ಟ್ 2 ವರ್ಷ ಕೊಟ್ಟಿತು; ಮೇಲ್ಮನವಿಗಳು ಮುಗಿಯುವಷ್ಟರಲ್ಲಿ, 2014ರಲ್ಲಿ, ಸುಪ್ರೀಂ ಕೋರ್ಟ್ ಅದನ್ನು 15 ವರ್ಷಕ್ಕೇರಿಸಿತು. ಆ ತೀರ್ಪು ಬಂದಾಗ ಆತ ಜೈಲಿನಲ್ಲಿರಲಿಲ್ಲ. ಚಿಕಿತ್ಸೆಗೆಂದು ಹೊರಬಂದವನು ಸೊರೊಂಗ್‌ನ ತನ್ನ ಮನೆಯಲ್ಲೇ ತಿಂಗಳುಗಟ್ಟಲೆ ಇದ್ದ; 2015ರಲ್ಲಷ್ಟೇ ಮತ್ತೆ ಒಳಗೆ ಕಳಿಸಿದರು. ಅಷ್ಟು ದಿನ ಇಡೀ ಊರಿಗೆ ಆತನ ವಿಳಾಸ ಗೊತ್ತಿತ್ತು. ಯಾವ ವೇಷದ ಅಗತ್ಯವೂ ಆತನಿಗೆ ಬೀಳಲಿಲ್ಲ.